ಕೀಲಿ ಕೊಡುವ ಬೆರಳು

ಯಾರನ್ನಾದರೂ ಮೊದಲ ಸಲ ಕಂಡಾಗ ಸಭ್ಯರು ಮುಖ ನೋಡುತ್ತಾರೆ, ನಾನು ಮಣಿಕಟ್ಟು ನೋಡುತ್ತೇನೆ. ಇದು ಒಳ್ಳೆಯ ಚಟವಲ್ಲವೆಂದು ನನಗೂ ಗೊತ್ತು. ಎದುರಿಗಿದ್ದವರು ಮಾತಿನ ನಡುವೆ ಮೆಲ್ಲಗೆ ಅಂಗಿಯ ತೋಳು ಕೆಳಗೆಳೆದುಕೊಂಡಾಗ ನಾಚಿಕೆಯೂ ಆಗುತ್ತದೆ. ಆದರೆ ಕಣ್ಣು ಹೇಳಿದ ಮಾತು ಕೇಳಬೇಕಲ್ಲ. ಧಾರವಾಡದ ಕಾಲೇಜೊಂದರಲ್ಲಿ ಬಹಳ ವರ್ಷ ಸಸ್ಯಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಹಳೆಯ ವಿದ್ಯಾರ್ಥಿಗಳು ಸುಭಾಸ ರಸ್ತೆಯಲ್ಲಿ ಎದುರಾಗಿ ಹೆಸರು ಹೇಳಿ ನಮಸ್ಕರಿಸಿದರೆ ಯಾರೆಂದು ಹೊಳೆಯುವುದಿಲ್ಲ. ಕೈ ಮುಗಿದಾಗ ಮಣಿಕಟ್ಟು ಕಾಣುತ್ತದೆ ನೋಡಿ, ಆಗ ಹೊಳೆಯುತ್ತದೆ. ಚೌಕದ ಡಯಲು, ಕಂದು ಪಟ್ಟಿ, ಕೊನೆಯ ಬೆಂಚು!

ನನ್ನ ಕಪಾಟಿನಲ್ಲಿ ಗಡಿಯಾರಗಳಿಗೆಂದೇ ಎರಡು ಖಾನೆಗಳಿವೆ. ಮೇಲಿನದರಲ್ಲಿ ಹಳೆಯವು, ದಿನಾ ಕೀಲಿ ಕೊಡಬೇಕಾದವು. ಕೆಳಗಿನದರಲ್ಲಿ ಹೊಸವು, ಸೆಲ್ಲಿನ ಮೇಲೋ ಚಾರ್ಜಿನ ಮೇಲೋ ನಡೆಯುವಂಥವು. ಎಷ್ಟಿವೆ ಎಂದು ದಯವಿಟ್ಟು ಕೇಳಬೇಡಿ, ನನ್ನ ಹೆಂಡತಿ ಗಿರಿಜೆಗೂ ನಾನು ಸರಿಯಾದ ಲೆಕ್ಕ ಹೇಳಿಲ್ಲ. ನಾನು ಇದಕ್ಕೆ ಸಂಗ್ರಹ ಎನ್ನುತ್ತೇನೆ. ಗಿರಿಜೆ ಮನೆಗೆ ಬಂದವರೆದುರು ಹವ್ಯಾಸ ಎನ್ನುತ್ತಾಳೆ, ಅವರು ಹೋದ ಮೇಲೆ ಸಾಮಾನು ಎನ್ನುತ್ತಾಳೆ. ಇಷ್ಟೊಂದು ಗಡಿಯಾರಗಳಿರುವ ಮನೆಯಲ್ಲಿ ವೇಳೆ ತಿಳಿಯಲು ನಾವಿಬ್ಬರೂ ಮೊಬೈಲನ್ನೇ ನೋಡುತ್ತೇವೆಂಬುದನ್ನು ಮಾತ್ರ ಹೊರಗೆ ಯಾರಿಗೂ ಹೇಳಬೇಡವೆಂದು ಅವಳಿಗೆ ವಿನಂತಿಸಿಕೊಂಡಿದ್ದೇನೆ.

ಹಳೆಯ ಗಡಿಯಾರಗಳ ವಿಷಯದಲ್ಲಿ ನಾನು ಕಟ್ಟಾ ಮಡಿವಂತ. ಅವುಗಳಿಗೆ ಒಂದೊಂದಕ್ಕೆ ಒಂದೊಂದು ಸ್ವಭಾವ. ಒಂದು ಬೋರಲು ಮಲಗಿಸಿದರೆ ನಡೆಯುತ್ತದೆ, ಅಂಗಾತ ಮಲಗಿಸಿದರೆ ಮುನಿಸಿಕೊಂಡು ನಿಲ್ಲುತ್ತದೆ. ಇನ್ನೊಂದು ಚಳಿಗಾಲದಲ್ಲಿ ಹಿಂದೆ ಬೀಳುತ್ತದೆ, ಮಾವಿನ ಸುಗ್ಗಿಗೆ ಸರಿಹೋಗುತ್ತದೆ. ಡಯಲಿನ ಮೇಲೆ ಕಲೆ ಬಿದ್ದಿದ್ದರೆ ಆ ಕಲೆಯೂ ನನಗೆ ಪೂಜ್ಯ. ಪಾಲಿಶ್ ಮಾಡಿಸಬಾರದು, ಡಯಲಿಗೆ ಬಣ್ಣ ಬಳಿಯಬಾರದು, ಮುಳ್ಳು ಬದಲಿಸಬಾರದು, ಕೀಲಿ ಕೊಡುವ ಗುಂಡಿಯನ್ನಂತೂ ಮುಟ್ಟಲೇಬಾರದು. ಇಂಥ ಗಡಿಯಾರಗಳ ಹುಚ್ಚರದೇ ಒಂದು ವಾಟ್ಸಾಪ್ ಗುಂಪಿದೆ. ಅದರಲ್ಲಿ ನಾನು ನ್ಯಾಯಾಧೀಶನಿದ್ದಂತೆ. ಯಾರಾದರೂ ಆಸೆಯಿಂದ ತಮ್ಮ ಹೊಸ ಖರೀದಿಯ ಚಿತ್ರ ಹಾಕಿದರೆ ನಾನು ದೊಡ್ಡದು ಮಾಡಿ ನೋಡಿ, 'ಗುಂಡಿ ಮೂಲದ್ದಲ್ಲ' ಎಂದು ಎರಡೇ ಶಬ್ದಗಳಲ್ಲಿ ತೀರ್ಪು ಬರೆಯುತ್ತಿದ್ದೆ. ಆಮೇಲೆ ಅವರು ಎರಡು ದಿನ ಗುಂಪಿನಲ್ಲಿ ಸುಳಿಯುತ್ತಿರಲಿಲ್ಲ.

ಹೊಸ ಗಡಿಯಾರಗಳ ಮೇಲೆ ನನಗೆ ದ್ವೇಷವೇನಿಲ್ಲ. ಅವು ಸರಿಯಾದ ವೇಳೆ ತೋರಿಸುತ್ತವೆ, ಅದೊಂದೇ ಅವುಗಳ ದೋಷ. ತಿಂಗಳುಗಟ್ಟಲೆ ಖಾನೆಯಲ್ಲಿ ಬಿದ್ದಿದ್ದರೂ ಎತ್ತಿ ನೋಡಿದರೆ ಸರಿಯಾಗಿಯೇ ಇರುತ್ತವೆ, ನಾನೊಬ್ಬನು ಮನೆಯಲ್ಲಿರುವುದೇ ಅವಕ್ಕೆ ಗೊತ್ತಿಲ್ಲ. ಮಗಳು ಪಲ್ಲವಿ ನನ್ನ ಹುಟ್ಟುಹಬ್ಬಕ್ಕೆ ಒಂದು ಸ್ಮಾರ್ಟ್ ವಾಚು ತಂದುಕೊಟ್ಟಳು. ಅದಕ್ಕೆ ನಾನಿರುವುದು ಗೊತ್ತಿದೆ, ಆದರೆ ನನ್ನ ಮೇಲೆ ಗೌರವವಿಲ್ಲ. ಊಟ ಮಾಡಿ ಸ್ವಲ್ಪ ಒರಗಿದರೆ ಎದ್ದು ನಿಲ್ಲು ಎನ್ನುತ್ತದೆ. ನೆರೆಯವರೊಡನೆ ನೀರಿನ ಪಾಳಿಯ ವಿಷಯಕ್ಕೆ ಮಾತು ಬೆಳೆದಾಗ ದೀರ್ಘವಾಗಿ ಉಸಿರಾಡು ಎಂದಿತು. ಹಿಂದಿನ ಪ್ರಾಚಾರ್ಯರೂ ನನಗೆ ಹೀಗೆ ಹೇಳಿರಲಿಲ್ಲ. ಅದನ್ನು ಬಿಚ್ಚಿ ಕೆಳಗಿನ ಖಾನೆಯಲ್ಲಿ, ಎಲ್ಲಕ್ಕಿಂತ ಹಿಂದೆ ಇಟ್ಟೆ.

ಹಳೆಯದೋ ಹೊಸದೋ ಎಂಬ ಈ ವಾದ ನಮ್ಮ ಅವಳಿ ಊರುಗಳಿಗೆ ಹೊಸತಲ್ಲ. ಧಾರವಾಡದವರಾದ ನಾವು ಹಳೆಯದನ್ನು ಒರೆಸಿ ಇಟ್ಟುಕೊಂಡು ಅದಕ್ಕೆ ಸಂಸ್ಕೃತಿ ಎನ್ನುತ್ತೇವೆ. ಹುಬ್ಬಳ್ಳಿಯವರು ಹಳೆಯದನ್ನು ಕೊಟ್ಟು ಹೊಸದು ತಂದು ಅದಕ್ಕೆ ವ್ಯವಹಾರ ಎನ್ನುತ್ತಾರೆ. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಒಳಗೊಳಗೇ ಕನಿಕರ. ನಡುವೆ ಇರುವ ದಾರಿ ಬಸ್ಸಿನಲ್ಲಿ ಒಂದು ಸಣ್ಣ ನಿದ್ದೆಯಷ್ಟು, ಆದರೆ ಅಲ್ಲಿಂದ ಹೆಣ್ಣು ತರುವಾಗ, ಇಲ್ಲಿಂದ ಹೆಣ್ಣು ಕೊಡುವಾಗ ಸಮುದ್ರ ದಾಟಿದಷ್ಟು ಯೋಚನೆ ಮಾಡುತ್ತೇವೆ. ಈ ಯೋಚನೆ ನನ್ನ ಪಾಲಿಗೂ ಬಂತು. ಅದನ್ನು ಹೇಳುವ ಮುಂಚೆ ನನ್ನ ಬೆರಳುಗಳ ವಿಷಯ ಹೇಳಬೇಕು.

ಇಷ್ಟೆಲ್ಲ ತತ್ತ್ವ ಹೇಳುವ ಮನುಷ್ಯನ ನಿಜವಾದ ತಾಪತ್ರಯ ಬಲಗೈಯ ಎರಡು ಬೆರಳಿನಲ್ಲಿದೆ. ಹಳೆಯ ಗಡಿಯಾರದ ಪಕ್ಕದಲ್ಲಿ ಜೋಳದ ಕಾಳಿನಷ್ಟು ಗುಂಡಿ ಇರುತ್ತದಲ್ಲ, ಅದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಒತ್ತಿ, ತಿರುವಬೇಕು. ಕಳೆದೆರಡು ವರ್ಷಗಳಿಂದ ನನ್ನ ಆ ಬೆರಳುಗಳ ಗಿಣ್ಣುಗಳು ಬಿಗಿಯತೊಡಗಿವೆ. ವೈದ್ಯರು ಸಂಧಿವಾತ ಎಂದರು, ವಯಸ್ಸಾಯಿತು ಎಂಬುದನ್ನು ಮರ್ಯಾದೆಯಿಂದ ಹೇಳುವ ರೀತಿ ಅದು. ಮೊದಲು ಬೆಳಿಗ್ಗೆ ಮಾತ್ರ ತೊಂದರೆಯಾಗುತ್ತಿತ್ತು, ಬಿಸಿ ಚಹಾದ ಕಪ್ಪು ಹಿಡಿದು ಕೂತರೆ ಸರಿಹೋಗುತ್ತಿತ್ತು. ಆಮೇಲೆ ಚಹಾ ಎರಡು ಸಲವಾಯಿತು. ಆಮೇಲೆ ಚಹಾದಿಂದಲೂ ಉಪಯೋಗವಾಗಲಿಲ್ಲ. ಗುಂಡಿ ಹಿಡಿದರೆ ಬೆರಳು ಜಾರುತ್ತದೆ, ಒತ್ತಿದರೆ ಗಿಣ್ಣಿನಿಂದ ಮೊಣಕೈವರೆಗೆ ನೋವು. ಹೀಗಾಗಿ ಮೇಲಿನ ಖಾನೆಯ ಗಡಿಯಾರಗಳು ಒಂದೊಂದಾಗಿ ನಿಲ್ಲುತ್ತ ಬಂದವು. ಹಳೆಯದನ್ನು ಇಟ್ಟುಕೊಳ್ಳಬೇಕೋ ಹೊಸದಕ್ಕೆ ಹೋಗಬೇಕೋ ಎಂಬುದು ವಾಟ್ಸಾಪ್ ಗುಂಪಿನಲ್ಲಿ ಅಭಿರುಚಿಯ ಪ್ರಶ್ನೆ, ನನ್ನ ಮನೆಯಲ್ಲಿ ಅದು ಗಿಣ್ಣಿನ ಪ್ರಶ್ನೆಯಾಯಿತು. ಇದನ್ನು ನಾನು ಯಾರಿಗೂ ಹೇಳಲಿಲ್ಲ. ನಿಂತ ಗಡಿಯಾರಗಳ ಖಾನೆ ತೆಗೆಯುವುದಕ್ಕೇ ನನಗೆ ಮನಸ್ಸಾಗುತ್ತಿರಲಿಲ್ಲ.

ಬೆರಳಿನ ಹಂಗಿಲ್ಲದ ಗಡಿಯಾರ ನಮ್ಮ ಹಿರಿಯರ ಬಳಿ ಇತ್ತು. ಘಟಿಬಟ್ಟಲು ಎಂಬ ಸಣ್ಣ ತಾಮ್ರದ ಬಟ್ಟಲು, ತಳದಲ್ಲಿ ಸೂಜಿಮೊನೆಯಷ್ಟು ತೂತು. ನೀರು ತುಂಬಿದ ಹಂಡೆಯಲ್ಲಿ ಅದನ್ನು ತೇಲಿಬಿಟ್ಟರೆ ನಿಧಾನವಾಗಿ ನೀರು ತುಂಬಿ ಮುಳುಗುತ್ತಿತ್ತು, ಒಂದು ಸಲ ಮುಳುಗಿದರೆ ಒಂದು ಘಳಿಗೆ. ಮದುವೆಯ ಮುಹೂರ್ತಗಳನ್ನು ಹೀಗೆ ಹಂಡೆಯ ಪಕ್ಕ ಕೂತು ಕಾಯುತ್ತಿದ್ದರಂತೆ. ಕಾಯುವವನಿಗೆ ಜೊಂಪು ಹತ್ತಿದರೆ ಮುಹೂರ್ತ ಏನಾಗುತ್ತಿತ್ತೆಂದು ಯಾರೂ ಬರೆದಿಟ್ಟಿಲ್ಲ. ಇನ್ನು ಕೈಗಡಿಯಾರವೆಂಬುದು ಯುರೋಪಿನಲ್ಲಿ ಮೊದಲು ಹೆಂಗಸರ ಆಭರಣವಾಗಿತ್ತು. ಗಂಡಸರು ಜೇಬಿನ ಗಡಿಯಾರವನ್ನೇ ಸರಪಳಿ ಹಾಕಿ ಇಟ್ಟುಕೊಳ್ಳುತ್ತಿದ್ದರು, ಬಳೆಯ ಹಾಗೆ ಕೈಗೆ ಕಟ್ಟಿಕೊಳ್ಳಲು ಅವರಿಗೆ ನಾಚಿಕೆ. ಮಹಾಯುದ್ಧದಲ್ಲಿ ಒಂದು ಕೈಯಲ್ಲಿ ಬಂದೂಕು ಹಿಡಿದು ಇನ್ನೊಂದು ಕೈಯಿಂದ ಜೇಬು ತಡಕಾಡುವುದು ಜೀವಕ್ಕೆ ಅಪಾಯವೆಂದು ಗೊತ್ತಾದ ಮೇಲೆ ನಾಚಿಕೆ ಬಿಟ್ಟರು. ಗಂಡಸರ ಎಷ್ಟೋ ಸುಧಾರಣೆಗಳು ಹೀಗೆಯೇ ಆಗಿವೆ ಎಂಬುದು ಗಿರಿಜೆಯ ಅಭಿಪ್ರಾಯ.

ಪಲ್ಲವಿಗೆ ಹುಬ್ಬಳ್ಳಿಯಿಂದ ಸಂಬಂಧ ಬಂತು. ಹುಡುಗನ ತಂದೆ ಚನ್ನಬಸಪ್ಪನವರು ಹತ್ತಿಯ ವ್ಯಾಪಾರಿ, ಗಟ್ಟಿ ಧ್ವನಿಯ ಒಳ್ಳೆಯ ಮನುಷ್ಯ. ಅವರು ಮನೆಯೊಳಗೆ ಕಾಲಿಟ್ಟಾಗ ನನ್ನ ಕಣ್ಣು ಎಲ್ಲಿಗೆ ಹೋಯಿತೆಂದು ಹೇಳಬೇಕಾಗಿಲ್ಲ. ಸಮುದ್ರದ ತಳದಲ್ಲಿ ಈಜುವವರು ಕಟ್ಟಿಕೊಳ್ಳುವಂಥ ಭಾರೀ ಹೊಸ ವಾಚು, ಎಷ್ಟು ಆಳಕ್ಕೆ ಹೋದರೂ ಒಳಗೆ ನೀರು ಇಳಿಯುವುದಿಲ್ಲವಂತೆ. ಉಣಕಲ್ಲ ಕೆರೆಯ ದಂಡೆಯಲ್ಲಿ ವಾಕಿಂಗ್ ಹೋಗುವಾಗಲೂ ನೀರಿನಿಂದ ನಾಲ್ಕು ಮಾರು ದೂರ ನಡೆಯುವವರು ಅವರು ಎಂದು ಆಮೇಲೆ ತಿಳಿಯಿತು. ಅವರ ಹಿಂದೆ ಮಗ ಸಂಗಮೇಶ ಬಂದ. ಎತ್ತರದ, ಮಿತಭಾಷಿ ಹುಡುಗ. ಮಣಿಕಟ್ಟು ಬರಿದಾಗಿತ್ತು.

ಬರಿದಾದ ಮಣಿಕಟ್ಟಿಗೆ ಏನೆಂದು ಅರ್ಥ ಮಾಡಬೇಕು? ಚೌಕದ್ದಾದರೆ ಒಂದು ಬಗೆಯ ಮನುಷ್ಯ, ದುಂಡಗಿನದಾದರೆ ಒಂದು ಬಗೆ, ರಬ್ಬರಿನ ಪಟ್ಟಿಯಾದರೆ ಇನ್ನೊಂದು ಬಗೆ. ಏನೂ ಇಲ್ಲದವನನ್ನು ಯಾವ ವರ್ಗಕ್ಕೆ ಸೇರಿಸಲಿ? ಚಹಾ ಕುಡಿಯುವಾಗ ತಡೆಯಲಾರದೆ ಕೇಳಿಯೇಬಿಟ್ಟೆ. ಅವನು ನಮ್ಮ ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಗಿಯರು ಕೊರೆಯುವ ವಿಭಾಗದ ಇಂಜಿನಿಯರು. ತಿರುಗುವ ಯಂತ್ರದ ಹತ್ತಿರ ವಾಚು, ಉಂಗುರ ಯಾವುದನ್ನೂ ಹಾಕಿಕೊಳ್ಳುವಂತಿಲ್ಲ, ಸಿಕ್ಕಿಕೊಂಡರೆ ಕೈಯೇ ಹೋಗುತ್ತದೆ ಎಂದು ವಿವರಿಸಿದ. ಅಂದರೆ ಕಟ್ಟುವ ರೂಢಿಯೇ ಇಲ್ಲ. ನಾನು ಪೆಚ್ಚಾಗಿ ಕೂತಿದ್ದಾಗ ಅವನು ಬಶಿಯಿಂದ ಕಪ್ಪು ಎತ್ತಿದ, ಆಗ ಅವನ ಬೆರಳುಗಳನ್ನು ಕಂಡೆ. ಗಟ್ಟಿಮುಟ್ಟಾದ, ದಪ್ಪನೆಯ, ಉಗುರಿನ ಸಂದಿಯಲ್ಲಿ ಎಣ್ಣೆಯ ಕಪ್ಪು ಉಳಿದ ಬೆರಳುಗಳು. ಎಂಥ ಬಿಗಿಯಾದ ಗುಂಡಿಯನ್ನಾದರೂ ತಿರುವಬಲ್ಲ ಬೆರಳುಗಳು. ಸಂಬಂಧ ಆಗಬೇಕೆಂದು ನಾನು ಅಲ್ಲಿಯೇ ತೀರ್ಮಾನಿಸಿದೆ. ಪಲ್ಲವಿಯೂ ಒಪ್ಪಿದಳು, ಅವಳ ಕಾರಣಗಳು ಬೇರೆ ಇದ್ದಿರಬೇಕು.

ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ತಂದೆ ಅಳಿಯನ ಕೈಗೆ ವಾಚು ಕಟ್ಟುವ ರೂಢಿಯಿದೆ. ವರ ಗಡಿಯಾರದ ಅಂಗಡಿಯ ಮಾಲೀಕನಾಗಿದ್ದರೂ ಕಟ್ಟಬೇಕು. ಜೀವನದಲ್ಲಿ ಒಮ್ಮೆ ನನ್ನ ಚಟಕ್ಕೆ ಶಾಸ್ತ್ರದ ಬೆಂಬಲ ಸಿಕ್ಕಿತ್ತು. ಎಲ್ಲರೂ ಹೊಸದೇ ಎಂದುಕೊಂಡಿದ್ದರು. ನಾನು ಮಾತ್ರ ಮೇಲಿನ ಖಾನೆಯ ಅತಿ ಒಳ್ಳೆಯ ಗಡಿಯಾರವನ್ನು ಕೊಡಬೇಕೆಂದು ಮನಸ್ಸು ಮಾಡಿದ್ದೆ. ಅದು ಸ್ವಾತಂತ್ರ್ಯಕ್ಕಿಂತ ಹಿಂದಿನ ಸ್ವಿಸ್ ಗಡಿಯಾರ. ಡಯಲು ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿದೆ, ಮುಳ್ಳಿನಿಂದ ಗುಂಡಿಯವರೆಗೆ ಎಲ್ಲವೂ ಮೂಲದ್ದೇ. ನನ್ನಲ್ಲಿ ಅದಕ್ಕಿಂತ ಒಳ್ಳೆಯದು ಇರಲಿಲ್ಲ, ಮತ್ತು ಅದಕ್ಕೆ ಕೀಲಿ ಕೊಡುವುದು ನನ್ನಿಂದ ಆಗುತ್ತಿರಲಿಲ್ಲ. ನನ್ನ ಕೈಯಲ್ಲಿ ನಿಂತುಹೋಗುವ ಗಡಿಯಾರ ಅವನ ಕೈಯಲ್ಲಾದರೂ ನಡೆಯಲಿ ಎಂಬ ಆಸೆ. ಇದನ್ನು ಬಾಯಿಬಿಟ್ಟು ಹೇಳಲಾರದೆ ಪರಂಪರೆ, ಮೌಲ್ಯ ಇತ್ಯಾದಿ ದೊಡ್ಡ ಮಾತುಗಳನ್ನಾಡಿದೆ.

ಗಿರಿಜೆ ಕೇಳುವ ತನಕ ಕೇಳಿ, ಕೊನೆಗೆ ಹಳೆಯ ಬಟ್ಟೆಗೆ ಪಾತ್ರೆ ಕೊಡುವವರನ್ನು ನೆನೆಸಿ ಹೇಳಿದಳು: "ಹಳೇ ಅರಬಿ ಕೊಟ್ಟು ಹೊಸಾ ಭಾಂಡೆ ತಗೊಳ್ಳೋದು ಕೇಳೇವಿ. ಮಗಳನ್ನೂ ಕೊಟ್ಟು, ಮ್ಯಾಲೆ ಅಳಿಯಗ ಹಳೇ ವಾಚ್ ಕಟ್ಟೋದು ಎಲ್ಲೂ ಕೇಳಿಲ್ಲ. ಬೀಗರು ಏನ ತಿಳ್ಕೊಂಡಾರು ಅಂತೀನಿ."

ಬೀಗರು ಏನು ತಿಳಿದುಕೊಂಡರೆಂಬುದು ಮದುವೆಯ ಮಂಟಪದಲ್ಲಿಯೇ ಗೊತ್ತಾಯಿತು. ಅಳಿಯನ ಕೈಗೆ ಪಟ್ಟಿ ಬಿಗಿಯುವಾಗ ನನ್ನ ಬೆರಳು ಕೊಂಡಿಯನ್ನು ಹಿಡಿಯಲೊಲ್ಲದು. ಛಾಯಾಗ್ರಾಹಕನಿಗೆ ಇದು ಭಾವುಕತೆಯಂತೆ ಕಂಡು ಹಾಗೇ ಇರಿ ಎಂದು ಮತ್ತೆ ಮತ್ತೆ ಕ್ಲಿಕ್ಕಿಸಿದ. ಕೊನೆಗೆ ಸಂಗಮೇಶ ತಾನೇ ಇನ್ನೊಂದು ಕೈಯಿಂದ ಕೊಂಡಿ ಹಾಕಿಕೊಂಡ. ಚನ್ನಬಸಪ್ಪನವರು ಬಗ್ಗಿ ನೋಡಿದರು. ಅವರ ಮುಖ ಹತ್ತಿಯ ಮೂಟೆಯಲ್ಲಿ ಕಲ್ಲು ಸಿಕ್ಕವರ ಮುಖದಂತಾಯಿತು. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತು, ಅಂಗಡಿಗಳು ಆ ದಿನ ಬಂದಾಗಿದ್ದವೇ ಎಂದು ವಿಚಾರಿಸಿದರು. ನಾನು ಈ ಗಡಿಯಾರಕ್ಕೆ ವಯಸ್ಸೇ ಬೆಲೆ ಎಂದು ವಿವರಿಸಹೋದೆ. ಅವರು ತಾಳ್ಮೆಯಿಂದ ಹೋಳಿಗೆಗೆ ತುಪ್ಪ ಹಾಕಿಸಿಕೊಂಡು, ತಮ್ಮ ವ್ಯಾಪಾರದಲ್ಲಿ ಹತ್ತಿ ಹಳೆಯದಾದರೆ ಬೆಲೆ ಇಳಿಯುತ್ತದೆ ಎಂದರು. ಬಡಿಸುವವರಿಂದ ಹಿಡಿದು ದೂರದ ನೆಂಟರವರೆಗೆ ಹೆಣ್ಣಿನ ತಂದೆ ಬಳಸಿದ ವಾಚು ಕಟ್ಟಿದರಂತೆ ಎಂಬ ಸುದ್ದಿ ಪಾಯಸಕ್ಕಿಂತ ಮೊದಲೇ ತಲುಪಿತ್ತು. ಗಿರಿಜೆಗೆ ಅವಮಾನವಾಗಿತ್ತು, ಮತ್ತು ಅದು ನನ್ನಿಂದಲೇ ಆಗಿತ್ತು.

ಮದುವೆಯಾಗಿ ಮಗಳು ಹುಬ್ಬಳ್ಳಿಗೆ ಹೋದಳು. ದಿನಾ ಫೋನು ಮಾಡುತ್ತಿದ್ದಳು. ಗಿರಿಜೆ ಅಡುಗೆ, ಅತ್ತೆ, ಆಫೀಸು ಎಲ್ಲ ಕೇಳಿ ಮುಗಿಸಿದ ಮೇಲೆ ನನ್ನ ಸರದಿ. ಸಂಗಮೇಶ ವಾಚಿಗೆ ದಿನಾ ಕೀಲಿ ಕೊಡುತ್ತಾನೆಯೇ ಎಂದು ಕೇಳುತ್ತಿದ್ದೆ. ಕೊಡುತ್ತಾನೆ ಎಂದಳು. ಕೆಲಸಕ್ಕೆ ಹೋಗುವಾಗ ಕಟ್ಟಿಕೊಂಡು ಹೋಗಿ, ಕಾರ್ಖಾನೆಯ ಒಳಗೆ ಹೋಗುವ ಮುನ್ನ ಬಿಚ್ಚಿ ಲಾಕರಿನಲ್ಲಿಟ್ಟು, ಬರುವಾಗ ಮತ್ತೆ ಕಟ್ಟಿಕೊಂಡು ಬರುತ್ತಾನಂತೆ. ನನ್ನ ಎದೆ ಹಿಗ್ಗಿತು. ವಾಟ್ಸಾಪ್ ಗುಂಪಿನಲ್ಲಿ ಯುವಜನರಲ್ಲಿ ಹಳೆಯ ಗಡಿಯಾರಗಳ ಅಭಿರುಚಿ ಬೆಳೆಸುವ ಬಗೆ ಎಂದು ಒಂದು ಉದ್ದನೆಯ ಟಿಪ್ಪಣಿ ಬರೆದೆ. ಅದನ್ನು ಬರೆದ ಮೇಲೆ, ದಸರೆಯ ಹೊತ್ತಿಗೆ, ಮಗಳ ಉತ್ತರಗಳು ಗಿಡ್ಡವಾದವು. ವಾಚು ಹೇಗಿದೆ ಎಂದರೆ ಇದೆ ಎನ್ನುವಳು. ಓಡುತ್ತಿದೆಯೇ ಎಂದರೆ ಹೂಂ ಎಂದು, ಕುಕ್ಕರಿನ ಸೀಟಿಯಾಯಿತೆಂದು ಫೋನು ಇಡುವಳು. ಇಷ್ಟೊಂದು ಸಲ ಸೀಟಿ ಹೊಡೆಯುವ ಕುಕ್ಕರಿನಲ್ಲಿ ಅವಳು ಏನು ಬೇಯಿಸುತ್ತಿದ್ದಾಳೆಂದು ನನಗೆ ಸಂಶಯ ಬಂತು.

ಮೊದಲ ದೀಪಾವಳಿಗೆ ಮಗಳು, ಅಳಿಯ ಬಂದರು. ಎಣ್ಣೆ ಸ್ನಾನ, ಆರತಿ ಎಲ್ಲ ಆದ ಮೇಲೆ ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಕೂತೆವು. ಗಿರಿಜೆ ಕರ್ಚಿಕಾಯಿಯ ತಾಟು ತಂದಿಟ್ಟಳು. ಸಂಗಮೇಶ ಒಂದನ್ನೆತ್ತಿಕೊಳ್ಳಲು ಕೈ ಚಾಚಿದ, ತೋಳು ಹಿಂದೆ ಸರಿಯಿತು, ನನ್ನ ಕಣ್ಣು ಎಂದಿನಂತೆ ಅಲ್ಲಿಗೆ ಹೋಯಿತು.

ಡಯಲು ಅದೇ ಇತ್ತು. ಮುಳ್ಳುಗಳು ಅವೇ. ಆದರೆ ಪಕ್ಕದಲ್ಲಿ ಜೋಳದ ಕಾಳಿನಷ್ಟು ಗುಂಡಿ ಇರಬೇಕಾದಲ್ಲಿ ಕಾಬೂಲಿ ಕಡಲೆಯಷ್ಟು ದೊಡ್ಡ, ಥಳಥಳಿಸುವ ಉಕ್ಕಿನ ಗುಂಡಿ ಕೂತಿತ್ತು. ಅದರ ಸುತ್ತ ಆಳವಾದ ಗೀರುಗಳು. ಒಣಗಿದ ನೆಲ್ಲಿಕಾಯಿಯಂಥ ಮುದುಕನ ಮುಖಕ್ಕೆ ಯಾರೋ ಹೊಸ ನಲ್ಲಿಯ ತಿರುಪು ಕೂರಿಸಿದಂತಿತ್ತು. ಪಲ್ಲವಿ ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು. ಅವಳ ಕೈಯಲ್ಲಿದ್ದ ಕರ್ಚಿಕಾಯಿ ಪುಡಿಯಾಗುತ್ತಿತ್ತು.

ಸಂಗಮೇಶ ಏನೂ ಮುಚ್ಚಿಡದೆ ಎಲ್ಲ ಹೇಳಿದ. ದಸರೆಯ ಒಂದು ಬೆಳಿಗ್ಗೆ ಕೀಲಿ ಕೊಡುವಾಗ ಕೈಯ ಜೋರು ಹೆಚ್ಚಾಯಿತು, ಗುಂಡಿ ಮುರಿದು ಕಳಚಿ ಕೈಗೆ ಬಂತು. ಇಡೀ ದಿನ ಸ್ಪ್ಯಾನರು ಹಿಡಿಯುವ ಕೈಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ. ಗುಂಡಿಯನ್ನು ಒಳಗಿನ ಯಂತ್ರಕ್ಕೆ ಜೋಡಿಸುವ ಕಡ್ಡಿಯನ್ನು ಹುಬ್ಬಳ್ಳಿಯ ದುರ್ಗದಬೈಲಿನ ರಿಪೇರಿಯವರು ಹಾಕಿಕೊಟ್ಟರು, ಗುಂಡಿ ಮಾತ್ರ ಇಂಥದ್ದು ಈಗ ಸಿಗುವುದಿಲ್ಲ ಎಂದುಬಿಟ್ಟರು. ಮಾವನವರು ಕೊಟ್ಟ ವಾಚು ಗುಂಡಿಯಿಲ್ಲದೆ ಇರಬಾರದೆಂದು, ಮಾಲೀಕರ ಒಪ್ಪಿಗೆ ಪಡೆದು, ಊಟದ ಬಿಡುವಿನಲ್ಲಿ ಕಾರ್ಖಾನೆಯ ಲೇಥಿನ ಮೇಲೆ ತಾನೇ ಕಡೆದ. ಹೇಗೂ ಹೊಸದಾಗಿ ಮಾಡುವುದಾದರೆ ತನ್ನ ಬೆರಳಿಗೆ ಹಿಡಿತ ಸಿಗುವಷ್ಟು ದೊಡ್ಡದನ್ನೇ ಮಾಡೋಣವೆಂದುಕೊಂಡನಂತೆ. ಇದನ್ನು ಕಂಡ ಮೇಲೆ ಚನ್ನಬಸಪ್ಪನವರಿಗೂ ವಾಚು ಮೆಚ್ಚಿಗೆಯಾಯಿತಂತೆ. ಅದರಲ್ಲಿ ಹೊಸದೆಂಬುದು ಒಂದಾದರೂ ಇದೆಯಲ್ಲ ಎಂದರಂತೆ.

ನನ್ನೊಳಗಿನ ನ್ಯಾಯಾಧೀಶ ಎದ್ದು ನಿಂತಿದ್ದ. ಅವನಿಗೆ ಹೇಳಲು ಬಹಳ ಇತ್ತು. ಎಂಬತ್ತು ವರ್ಷ ಯಾರೂ ಮುಟ್ಟದೆ ಉಳಿದದ್ದನ್ನು ಎಂಟು ತಿಂಗಳಲ್ಲಿ ಮುಗಿಸಿದೆಯಲ್ಲ ಎನ್ನಬೇಕೆಂದಿದ್ದ. ಆದರೆ ಎದುರಿಗೆ ಪಲ್ಲವಿ. ನಾನು ಒಂದು ತಪ್ಪು ಮಾತಾಡಿದರೆ ಅವಳು ಅದನ್ನು ಹೊತ್ತುಕೊಂಡು ಹುಬ್ಬಳ್ಳಿಗೆ ಹೋಗಬೇಕು. ಅವಳಿಗೆ ಗಂಡನ ಮೇಲೂ ಪ್ರೀತಿ, ಈ ಮುದುಕನ ಹುಚ್ಚಿನ ಮೇಲೂ ಪ್ರೀತಿ, ಇಬ್ಬರ ನಡುವೆ ಸಿಕ್ಕಿಕೊಂಡು ತಿಂಗಳಿಂದ ಕುಕ್ಕರಿನ ಸೀಟಿ ಹೊಡೆಸಿದ್ದಾಳೆ. ಅದೂ ಅಲ್ಲದೆ ನಾನು ಕಲಿಸಿದ ವಿಷಯ ಸಸ್ಯಶಾಸ್ತ್ರ. ನಾಡ ಮಾವಿನ ಹಳೆಯ ಬೊಡ್ಡೆಗೆ ಆಪೂಸಿನ ಟೊಂಗೆ ಕಸಿ ಕಟ್ಟಿ ಕಲಮಿ ಮಾಡುವುದನ್ನು ಹುಡುಗರಿಗೆ ವರ್ಷವರ್ಷವೂ ತೋಟಕ್ಕೆ ಕರೆದೊಯ್ದು ತೋರಿಸಿದವನು. ಮೂಲದ ಟೊಂಗೆಯೇ ಇರಲಿ ಎಂದು ಅಲ್ಲಿ ಹಟ ಹಿಡಿದಿದ್ದರೆ ಧಾರವಾಡದಲ್ಲಿ ನಾವೆಲ್ಲ ಹುಳಿಮಾವು ತಿನ್ನುತ್ತಿದ್ದೆವು. ನ್ಯಾಯಾಧೀಶನಿಗೆ ಸದ್ಯಕ್ಕೆ ಕೂತುಕೋ ಎಂದೆ.

ನಾನು ಗುಂಡಿಯನ್ನೇ ನೋಡುತ್ತಿರುವುದನ್ನು ಕಂಡು ಸಂಗಮೇಶ ವಾಚು ಬಿಚ್ಚಿ ನನ್ನ ಕೈಗಿಟ್ಟ.

"ಮಾವಾರ, ಒಂದ್ಸಲ ಕೀಲಿ ಕೊಟ್ಟು ನೋಡ್ರಿ. ಹಗೂರ ತಿರಗತೈತಿ."

ಬೇಡವೆನ್ನಬೇಕೆಂದಿದ್ದೆ. ಎಲ್ಲರೆದುರು ಬೆರಳು ಜಾರುವುದನ್ನು ತೋರಿಸಿಕೊಳ್ಳುವುದು ಯಾರಿಗೆ ಬೇಕಾಗಿತ್ತು? ಆದರೆ ವಾಚು ಕೈಯಲ್ಲಿತ್ತು, ಎಲ್ಲರ ಕಣ್ಣೂ ನನ್ನ ಮೇಲಿತ್ತು. ಹೆಬ್ಬೆರಳನ್ನೂ ತೋರುಬೆರಳನ್ನೂ ಆ ಕುರೂಪಿ ಗುಂಡಿಯ ಮೇಲಿಟ್ಟೆ. ಬೆರಳು ಜಾರಲಿಲ್ಲ. ಗೀರುಗಳು ಬೆರಳನ್ನು ಹಿಡಿದುಕೊಂಡವು. ಒತ್ತಬೇಕಾಗಿಯೇ ಬರಲಿಲ್ಲ, ತಿರುವಿದರೆ ತಿರುಗಿತು. ಒಳಗಿನಿಂದ ಆ ಹಳೆಯ ಕರಕರ ಸದ್ದು ಬೆರಳ ತುದಿಗೆ ತಾಗಿತು. ಎಷ್ಟು ದಿನವಾಗಿತ್ತು ಆ ಸದ್ದು ನನ್ನ ಕೈಗೆ ಸಿಕ್ಕದೆ! ಇನ್ನೊಮ್ಮೆ ತಿರುವಿದೆ, ಮತ್ತೊಮ್ಮೆ ತಿರುವಿದೆ. ನೋವಿರಲಿಲ್ಲ. ಸಂತೋಷವಾಯಿತು, ಎಷ್ಟೆಂದರೆ ಅದನ್ನು ಮುಚ್ಚಿಕೊಳ್ಳಲು ಕೆಮ್ಮಬೇಕಾಯಿತು. ಕೀಲಿ ಪೂರ್ತಿಯಾದದ್ದು ಗೊತ್ತಾದ ಮೇಲೆಯೂ ಗುಂಡಿಯನ್ನು ಬಿಡದೆ ಹಿಡಿದುಕೊಂಡು ಕೂತೆ.

ಗಿರಿಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಮುಖವನ್ನಲ್ಲ, ಬೆರಳುಗಳನ್ನು ನೋಡುತ್ತಿದ್ದಳು. ಒಳಗೆ ಹೋದಳು. ಕಪಾಟು ತೆರೆದ ಸದ್ದಾಯಿತು. ಮೇಲಿನ ಖಾನೆಯನ್ನು ಪೂರ್ತಿ ಹೊರಗೆಳೆದು, ಎರಡೂ ಕೈಯಲ್ಲಿ ಹೊತ್ತು ತಂದು, ಕರ್ಚಿಕಾಯಿಯ ತಾಟಿನ ಪಕ್ಕದಲ್ಲಿ ಅಳಿಯನ ಮುಂದೆ ಇಟ್ಟಳು. ನಿಂತುಹೋದ ಗಡಿಯಾರಗಳು ಸಾಲಾಗಿ ಮಲಗಿದ್ದವು, ಒಂದೊಂದರಲ್ಲಿ ಒಂದೊಂದು ವೇಳೆ.

"ಇವನ್ನೂ ಒಯ್ರಿ," ಎಂದಳು. "ನಿಮ್ಮ ಮಾವಾರಿಗೆ ಬೆರಳು ಹಿಡಿಯಂಗಿಲ್ಲ, ಎರಡ ವರ್ಷಾತು. ಇವರು ಬಾಯಿಬಿಟ್ಟು ಹೇಳಂಗಿ‍ಲ್ಲ."

ನಾನು ಅವಳ ಕಡೆ ನೋಡಲಿಲ್ಲ. ಮುಚ್ಚಿಟ್ಟಿದ್ದೇನೆಂದು ನಾನು ತಿಳಿದದ್ದನ್ನು ಅವಳು ದಿನಾ ಕಾಣುತ್ತಿದ್ದಳು. ಕಂಡೂ ನಾನು ಹೇಳಲೆಂದು ಕಾದಿದ್ದಳು. ಪಲ್ಲವಿ ಎದ್ದು ಬಂದು ನನ್ನ ಪಕ್ಕ ಕೂತು ಬಲಗೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಗಿಣ್ಣುಗಳನ್ನು ಮೆಲ್ಲಗೆ ಒತ್ತತೊಡಗಿದಳು. ಇಷ್ಟು ದಿನ ಫೋನಿನಲ್ಲಿ ನಾನು ಗಡಿಯಾರದ ಆರೋಗ್ಯ ಕೇಳುತ್ತಿದ್ದೆ, ಅವಳು ನನ್ನ ಆರೋಗ್ಯ ಕೇಳಿದಾಗಲೆಲ್ಲ ಛಲೋ ಇದ್ದೇನೆ ಎನ್ನುತ್ತಿದ್ದೆ.

ಸಂಗಮೇಶ ಒಂದೊಂದನ್ನೇ ಎತ್ತಿ, ಬೆಳಕಿಗೆ ಹಿಡಿದು, ಮತ್ತೆ ಅದರ ಜಾಗದಲ್ಲಿಟ್ಟ. ಈ ಸಲ ಅವನ ಬೆರಳುಗಳು ಬಹಳ ಎಚ್ಚರವಾಗಿದ್ದವು. ಇವು ನಿಜವಾಗಿಯೂ ಚೆಂದದ ವಸ್ತುಗಳು ಎಂದ. ತನ್ನ ವಾಚಿಗೆ ಮಾಡಿದ ಗುಂಡಿ ಅವಸರದ್ದು, ನೋಡಲು ಒರಟಾಯಿತು ಎಂದು ಒಪ್ಪಿಕೊಂಡ. ಆಮೇಲೆ, ಹಳೆಯ ಗಡಿಯಾರಗಳ ಭಕ್ತನೊಬ್ಬ ಜನ್ಮವೆಲ್ಲ ಕಾದರೂ ಕೇಳಲು ಸಿಗದ ಮಾತನ್ನು ಹೇಳಿದ.

"ಇವಕ್ಕ ಸಣ್ಣವ ಮಾಡತೇನ್ರಿ ಮಾವಾರ. ಹಳೇ ಗುಂಡಿ ಇದ್ದಂಗನ. ಎಂಥಾವ್ರು ನೋಡಿದ್ರೂ ಗೊತ್ತ ಆಗಬಾರದು, ಹಂಗ."

ವಾಟ್ಸಾಪ್ ಗುಂಪು ಕಣ್ಣಮುಂದೆ ಬಂತು. ನ್ಯಾಯಾಧೀಶ ಮತ್ತೆ ಎದ್ದು ನಿಂತು ಒಪ್ಪಿಕೋ ಎಂದು ಸನ್ನೆ ಮಾಡಿದ. ನನ್ನ ಬೆರಳುಗಳು ಇನ್ನೂ ಮಗಳ ಕೈಯಲ್ಲಿದ್ದವು.

"ಬ್ಯಾಡಪಾ," ಎಂದೆ. "ನಿನ್ನ ವಾಚಿಗೆ ಮಾಡಿದಷ್ಟ ದೊಡ್ಡವ ಇರಲಿ."

ಸಾಧ್ಯವಾದರೆ ಇನ್ನೂ ಒಂದಿಷ್ಟು ದೊಡ್ಡದಿರಲಿ ಎಂದೂ ಹೇಳಬೇಕೆಂದಿದ್ದೆ. ಸಂಗ್ರಾಹಕನ ಮಾನ ಅಡ್ಡ ಬಂತು.